ಸಭೆಯ ಅನ್ಯೋನ್ಯತೆ: ಪಶ್ಚಿಮ ಬೆಂಗಳೂರಿನ ಕ್ರೈಸ್ತರು ಒಂದಾಗಿ ಬಾಳಿದ ಬಗೆ

ಅನ್ಯೋನ್ಯತೆ ಎಂಬುದು ಒಂದು ಸಭೆಯ ಸದಸ್ಯರು ತಮ್ಮೊಳಗೂ ಬೇರೆ ಸಭೆಗಳವರೊಡನೆಯೂ ಇಟ್ಟುಕೊಳ್ಳುವ ಒಗ್ಗಟ್ಟಿಗೆ ಕನ್ನಡ ಕ್ರೈಸ್ತರಲ್ಲಿ ನಡೆದುಬಂದಿರುವ ಹೆಸರು. ಕನ್ನಡಿಗರು ಹೊಂದಿಕೊಂಡು ಬಾಳುವ ಗಂಡಹೆಂಡಿರನ್ನು, ಗೋಡೆಯಾಚೆಯಿಂದ ಸಾರು ಕೊಟ್ಟು ಪಲ್ಯ ತೆಗೆದುಕೊಳ್ಳುವ ನೆರೆಮನೆಯವರನ್ನು ನೋಡಿ 'ಅನ್ಯೋನ್ಯವಾಗಿದ್ದಾರೆ' ಎನ್ನುತ್ತಾರೆ. ಕನ್ನಡ ಸತ್ಯವೇದದ ಅನುವಾದಕರು ಗ್ರೀಕ್ ಭಾಷೆಯ 'ಕೊಯ್ನೊನಿಯ' ಎಂಬ ಪದಕ್ಕೆ ಇದೇ ಮಾತನ್ನು ಆರಿಸಿಕೊಂಡರು. ಅಪೊಸ್ತಲರ ಕೃತ್ಯಗಳು ಪುಸ್ತಕದ ಎರಡನೆಯ ಅಧ್ಯಾಯದಲ್ಲಿ ಆದಿ ಸಭೆಯ ದಿನಚರಿ ಹೇಳುವಾಗ ಬರುವ ಪದವಿದು. ಇಂದಿಗೂ ದಕ್ಷಿಣ ಭಾರತ ಸಭೆಗೆ (ಸಿ.ಎಸ್.ಐ.) ಸೇರಿದ ಸಭೆಗಳಲ್ಲಿ ಹೆಂಗಸರ ಕೂಟಕ್ಕೆ 'ಸ್ತ್ರೀಯರ ಅನ್ಯೋನ್ಯ ಕೂಟ' ಎಂಬ ಹೆಸರಿದೆ.

'ಐಕ್ಯತೆ' ಎಂಬ ಇನ್ನೊಂದು ಪದವೂ ಬಳಕೆಯಲ್ಲಿದೆ. ಸಿನಾಡ್ ಎಂಬ ಆಡಳಿತಸಭೆಯ ನಿರ್ಣಯಗಳಲ್ಲಿ, ಬಿಷಪ್ಪರ ಪತ್ರಗಳಲ್ಲಿ ಅದು ಬರುತ್ತದೆ. ಐಕ್ಯತೆಯನ್ನು ಕಾಗದದ ಮೇಲೆ ಬರೆದು ಸಹಿ ಹಾಕಬಹುದು. ಅನ್ಯೋನ್ಯತೆ ಭಾನುವಾರದಿಂದ ಭಾನುವಾರಕ್ಕೆ ನಡೆಯಬೇಕಾದದ್ದು. ಕರ್ನಾಟಕದ ಕ್ರೈಸ್ತರ ಎರಡು ಶತಮಾನಗಳ ಅನುಭವ ನೋಡಿದರೆ, ಇವೆರಡರಲ್ಲಿ ಎರಡನೆಯದೇ ಕಷ್ಟದ್ದು ಎಂದು ಹೇಳಬೇಕಾಗುತ್ತದೆ.

ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಕೆಂಗೇರಿಗಳನ್ನು ಒಳಗೊಂಡ ಪಶ್ಚಿಮ ಬೆಂಗಳೂರು ಈ ಅನುಭವವನ್ನು ಹತ್ತಿರದಿಂದ ನೋಡಲು ಒಳ್ಳೆಯ ಜಾಗ. ನಗರದ ಪೂರ್ವದಲ್ಲಿ, ದಂಡು ಪ್ರದೇಶದಲ್ಲಿ, ಸೈನ್ಯದೊಂದಿಗೆ ಬಂದ ಹಳೆಯ ಚರ್ಚುಗಳಿವೆ. ಸೇಂಟ್ ಮಾರ್ಕ್ಸ್ 1812ರದ್ದು. ಪಶ್ಚಿಮದ ಕಥೆ ಬೇರೆ. ಇಲ್ಲಿ ಬಡಾವಣೆ ಮೊದಲು ಬಂತು, ಸಭೆ ಆಮೇಲೆ ಬಂತು. 1949ರಲ್ಲಿ ಗವರ್ನರ್ ಜನರಲ್ ಆಗಿದ್ದ ಸಿ. ರಾಜಗೋಪಾಲಾಚಾರಿಯವರ ಹೆಸರಿನಲ್ಲಿ ರಾಜಾಜಿನಗರ ಕೈಗಾರಿಕಾ ಉಪನಗರವಾಗಿ ಶುರುವಾಯಿತು. ಅದಕ್ಕೂ ಮೊದಲೇ, 1884ರಲ್ಲಿ ಹುಟ್ಟಿದ ಬಿನ್ನಿ ಮಿಲ್ಲು ಮತ್ತು ಆಮೇಲಿನ ಮಿನರ್ವ ಮಿಲ್ಲುಗಳು ಮಾಗಡಿ ರಸ್ತೆ, ಕಾಟನ್‌ಪೇಟೆ ಸುತ್ತ ತಮಿಳು, ತೆಲುಗು, ಕನ್ನಡ ಮಾತಾಡುವ ಕೂಲಿಕಾರರನ್ನು ಒಂದೆಡೆ ಸೇರಿಸಿದ್ದವು. ಅವರಲ್ಲಿ ಕ್ರೈಸ್ತರೂ ಇದ್ದರು. ಮಿಲ್ಲಿನ ಪಾಳಿಯಲ್ಲಿ ಜೊತೆಗೆ ದುಡಿದು ಭಾನುವಾರ ಬೇರೆ ಬೇರೆ ಭಾಷೆಯ ಆರಾಧನೆಗೆ ಹೋಗುವ ಪದ್ಧತಿ ಆಗಲೇ ಬಿದ್ದಿತ್ತು. ಇಲ್ಲಿನ ಸಭೆಗಳಲ್ಲಿ ಒಗ್ಗಟ್ಟಿನ ಪ್ರಶ್ನೆ ಎದ್ದಾಗಲೆಲ್ಲ ಭಾಷೆಯ ಪ್ರಶ್ನೆಯಾಗಿ ಏಳುವುದಕ್ಕೆ ಬೇರು ಇಲ್ಲಿದೆ.

2011ರ ಜನಗಣತಿಯಂತೆ ಕರ್ನಾಟಕದ ಕ್ರೈಸ್ತರ ಸಂಖ್ಯೆ 11,42,647. ರಾಜ್ಯದ ಜನಸಂಖ್ಯೆಯಲ್ಲಿ ನೂರಕ್ಕೆ ಎರಡಕ್ಕಿಂತ ಕಡಿಮೆ. ಇಷ್ಟು ಸಣ್ಣ ಸಮುದಾಯದಲ್ಲಿ ಎಷ್ಟೊಂದು ಪಂಗಡಗಳು ಎಂದು ಹೊರಗಿನವರು ಬೆರಗಾಗುತ್ತಾರೆ. ಕಾರಣ ಚರಿತ್ರೆಯಲ್ಲಿದೆ.

ಕನ್ನಡ ನಾಡಿಗೆ ಪ್ರೊಟೆಸ್ಟೆಂಟ್ ಮಿಷನ್ನುಗಳು ಒಂದೊಂದಾಗಿ ಬಂದವು. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದರು. ಅದೇ ಮಿಷನ್ 1820ರಲ್ಲಿ ಬೆಂಗಳೂರಿಗೆ ಕಾಲಿಟ್ಟಿತು. ಮರುವರ್ಷ ವೆಸ್ಲಿಯನ್ ಮೆಥಡಿಸ್ಟರು ಬಂದರು. 1834ರಲ್ಲಿ ಬಾಸೆಲ್ ಮಿಷನ್ನಿನ ಹೆಬಿಕ್, ಲೆಹ್ನರ್, ಗ್ರೈನರ್ ಮಂಗಳೂರಿಗೆ ಬಂದರು. ಬಾಸೆಲ್ ಮಿಷನ್ ತಾನೇ ಒಂದು ಒಪ್ಪಂದದ ಕೂಸು. ಜರ್ಮನಿಯ ವ್ಯುರ್ಟೆಂಬರ್ಗಿನ ಲೂಥರನರೂ ಸ್ವಿಟ್ಜರ್ಲೆಂಡಿನ ರಿಫಾರ್ಮ್ಡ್ ಸಭೆಯವರೂ ತಮ್ಮ ವಾದಗಳನ್ನು ಊರಿನಲ್ಲೇ ಬಿಟ್ಟು ಅದರಲ್ಲಿ ದುಡಿದರು. ಆಮೇಲೆ ಅಮೆರಿಕನ್ ಮೆಥಡಿಸ್ಟರು ಬಂದರು, ಆಂಗ್ಲಿಕನರು ಮೊದಲೇ ದಂಡಿನಲ್ಲಿದ್ದರು. ಒಂದೇ ಊರಿನಲ್ಲಿ ಇಬ್ಬಿಬ್ಬರು ಬೋಧಕರು ಜನರನ್ನು ತಂತಮ್ಮ ಕಡೆ ಎಳೆಯಬಾರದೆಂದು ಮಿಷನ್ನುಗಳು ನಾಡನ್ನು ತಮ್ಮೊಳಗೆ ಹಂಚಿಕೊಂಡವು. 1904ರಲ್ಲಿ ಲಂಡನ್ ಮಿಷನ್ ತನ್ನ ಬೆಳಗಾವಿಯ ಕೆಲಸವನ್ನೇ ಅಮೆರಿಕನ್ ಮೆಥಡಿಸ್ಟರಿಗೆ ಒಪ್ಪಿಸಿತು. ಹೀಗಾಗಿ ಒಬ್ಬ ಕನ್ನಡಿಗ ಮೆಥಡಿಸ್ಟನೋ ಬಾಸೆಲ್ ಸಭೆಯವನೋ ಆಗುವುದು ಅವನ ಊರು ಯಾರ ಪಾಲಿಗೆ ಬಿದ್ದಿತ್ತು ಎಂಬುದರ ಮೇಲೆ ನಿಂತಿತ್ತು. ತುಮಕೂರಿನವರು ವೆಸ್ಲಿಯನರು, ಕೋಲಾರದವರು ಅಮೆರಿಕನ್ ಮೆಥಡಿಸ್ಟರು, ಮಂಗಳೂರು ಧಾರವಾಡದವರು ಬಾಸೆಲಿನವರು.

ಈ ಮೂರು ಕಡೆಯವರೂ ಕೆಲಸಕ್ಕೆಂದು ಬೆಂಗಳೂರಿಗೆ ಬಂದು ಒಂದೇ ಬಡಾವಣೆಯಲ್ಲಿ ಮನೆ ಮಾಡಿದಾಗ ಹಂಚಿಕೆಯ ಗೆರೆಗಳಿಗೆ ಅರ್ಥ ಉಳಿಯಲಿಲ್ಲ. ರಾಜಾಜಿನಗರ, ವಿಜಯನಗರಗಳ ಕ್ರೈಸ್ತ ಕುಟುಂಬಗಳ ಹಿರಿಯರನ್ನು ವಿಚಾರಿಸಿದರೆ ಈ ಎಲ್ಲ ಊರುಗಳ ಹೆಸರೂ ಬಾಯಿಗೆ ಬರುತ್ತವೆ.

ಇಂಥ ಕುಟುಂಬಗಳಿಗೆ ಹಿಂದೆ ಇದ್ದ ಆಸರೆ ಪೇಟೆಯ ಎರಡು ಕನ್ನಡ ಚರ್ಚುಗಳು. ಕಾರ್ಪೊರೇಷನ್ ವೃತ್ತದ ಹಡ್ಸನ್ ಸ್ಮಾರಕ ಚರ್ಚು 1904ರಲ್ಲಿ ಕಟ್ಟಿದ್ದು. ವೆಸ್ಲಿಯನ್ ಶಿಕ್ಷಣತಜ್ಞ ಜೋಸಯ್ಯ ಹಡ್ಸನ್ನರ ನೆನಪಿನದು. ಅವೆನ್ಯೂ ರಸ್ತೆಯ ರೈಸ್ ಸ್ಮಾರಕ ಚರ್ಚು ಲಂಡನ್ ಮಿಷನ್ನಿನದು. ಅರ್ಧ ಶತಮಾನ ಬೆಂಗಳೂರಿನಲ್ಲಿ ದುಡಿದ ಬೆಂಜಮಿನ್ ರೈಸರ ಹೆಸರು ಹೊತ್ತದ್ದು. ಕನ್ನಡಿಗರಿಗೆ ಅವರಿಗಿಂತ ಅವರ ಮಗ, ಶಾಸನಗಳನ್ನು ಓದಿ 'ಎಪಿಗ್ರಾಫಿಯ ಕರ್ನಾಟಿಕ' ಹೊರತಂದ ಬಿ.ಎಲ್. ರೈಸ್ ಹೆಚ್ಚು ಪರಿಚಿತರು. ಎರಡು ಚರ್ಚುಗಳ ನಡುವೆ ನಡೆದು ಹೋಗುವಷ್ಟೇ ದೂರ. ಎರಡರಲ್ಲೂ ಓದುವುದು ಒಂದೇ ಕನ್ನಡ ಸತ್ಯವೇದ. ಹ್ಯಾಂಡ್ಸ್ ಮತ್ತು ಅವರ ಜೊತೆಗಾರರು ಮೊದಲು ಅನುವಾದಿಸಿದ ಆ ಪಠ್ಯವನ್ನು ಪರಿಷ್ಕರಿಸಲು 19ನೆಯ ಶತಮಾನದ ಮಧ್ಯದಲ್ಲಿ ಬಾಸೆಲ್ ಮಿಷನ್ನಿನ ಗಾಟ್‌ಫ್ರೀಡ್ ವೈಗ್ಲೆ ದುಡಿದರು. ಸಭೆಗಳು ಒಂದಾಗುವುದಕ್ಕೆ ಎಷ್ಟೋ ಮೊದಲೇ ಅವರ ಪುಸ್ತಕ ಒಂದಾಗಿತ್ತು. ದೇವರಿಗೆ, ಪಾಪಕ್ಕೆ, ಕೃಪೆಗೆ, ರಕ್ಷಣೆಗೆ ಒಂದೇ ಕನ್ನಡ ಪದ ಬಳಸುವವರು ಬಹುಕಾಲ ದೂರ ನಿಲ್ಲುವುದು ಕಷ್ಟ.

ಪುಸ್ತಕದ ನಂತರ ಪಾಠಶಾಲೆ. 1910ರಲ್ಲಿ ಹಲವು ಮಿಷನ್ನುಗಳು ಕೂಡಿ ಬೆಂಗಳೂರಿನಲ್ಲಿ ಯುನೈಟೆಡ್ ಥಿಯಲಾಜಿಕಲ್ ಕಾಲೇಜನ್ನು ತೆರೆದವು, ಡೆನ್ಮಾರ್ಕಿನ ಎಲ್.ಪಿ. ಲಾರ್ಸೆನ್ ಅದರ ಆರಂಭಕಾಲದ ಪ್ರಾಂಶುಪಾಲರು. ಕನ್ನಡದಲ್ಲೇ ಬೋಧಕರನ್ನು ತಯಾರುಮಾಡುವ ಜಂಟಿ ಸೆಮಿನರಿ ತುಮಕೂರಿನಲ್ಲಿತ್ತು. 1965ರಲ್ಲಿ ಅದು ಮಂಗಳೂರಿನ ಬಾಸೆಲ್ ಸೆಮಿನರಿಯೊಡನೆ ಸೇರಿ ಕರ್ನಾಟಕ ಥಿಯಲಾಜಿಕಲ್ ಕಾಲೇಜಾಯಿತು. ಒಂದೇ ಹಾಸ್ಟೆಲಿನಲ್ಲಿ ಉಂಡು ಮಲಗಿದ ಮೆಥಡಿಸ್ಟ್ ಹುಡುಗನೂ ಲಂಡನ್ ಮಿಷನ್ ಹುಡುಗನೂ ಮುಂದೆ ಸಭಾಪಾಲಕರಾದಾಗ ಒಬ್ಬರನ್ನೊಬ್ಬರು ಪರರೆಂದು ಕಾಣುವುದು ಸಾಧ್ಯವಿರಲಿಲ್ಲ.

ಭಾರತದ ಸಭೆಗಳು ಒಂದಾಗಬೇಕೆಂಬ ಒತ್ತಾಯ ಹುಟ್ಟಿದ್ದು ತಮಿಳುನಾಡಿನ ತರಂಗಂಬಾಡಿಯಲ್ಲಿ. 1919ರ ಮೇ ತಿಂಗಳ ಆರಂಭದಲ್ಲಿ ಅಲ್ಲಿ 33 ಮಂದಿ ಸೇರಿದರು. ಇಬ್ಬರನ್ನು ಬಿಟ್ಟರೆ ಎಲ್ಲರೂ ಭಾರತೀಯರು. ಮುಂದಾಳು ದೋರ್ನಕಲ್ಲಿನ ಬಿಷಪ್ ವಿ.ಎಸ್. ಅಜರಯ್ಯ, ಆಂಗ್ಲಿಕನ್ ಸಭೆಯ ಮೊದಲ ಭಾರತೀಯ ಬಿಷಪ್. ಪಶ್ಚಿಮ ದೇಶಗಳ ಜಗಳಗಳಿಂದ ಹುಟ್ಟಿದ ಒಡಕುಗಳನ್ನು ಈ ನೆಲದವರು ಯಾಕೆ ಹೊತ್ತುಕೊಳ್ಳಬೇಕು ಎಂಬುದು ಅವರೆಲ್ಲರ ಪ್ರಶ್ನೆ. ಉತ್ತರಕ್ಕೆ 28 ವರ್ಷ ಹಿಡಿಯಿತು. ಯೋಜನೆಯ ಕರಡು 1929ರಲ್ಲಿ ಹೊರಬಂತು. ತಿದ್ದುಪಡಿಯ ಮೇಲೆ ತಿದ್ದುಪಡಿ. ಅಜರಯ್ಯನವರು 1945ರ ಜನವರಿ 1ರಂದು ತೀರಿಕೊಂಡರು. 1947ರ ಸೆಪ್ಟೆಂಬರ್ 27ರಂದು, ಸ್ವಾತಂತ್ರ್ಯ ಬಂದು ಆರು ವಾರ ಕಳೆದ ಮೇಲೆ, ಮದರಾಸಿನ ಸೇಂಟ್ ಜಾರ್ಜ್ ಕೆಥೆಡ್ರಲಿನಲ್ಲಿ ಆಂಗ್ಲಿಕನರು, ಮೆಥಡಿಸ್ಟರು ಹಾಗೂ 1908ರಲ್ಲೇ ಒಂದಾಗಿದ್ದ ಪ್ರೆಸ್ಬಿಟೇರಿಯನ್ ಮತ್ತು ಕಾಂಗ್ರಿಗೇಷನಲ್ ಸಭೆಗಳವರು ಕೂಡಿ ದಕ್ಷಿಣ ಭಾರತ ಸಭೆಯಾದರು. ಬಿಷಪ್ಪರಿದ್ದ ಸಭೆಯೂ ಬಿಷಪ್ಪರನ್ನು ಒಪ್ಪದ ಸಭೆಯೂ ಹೀಗೆ ಬೆರೆತದ್ದು ಆಧುನಿಕ ಲೋಕದಲ್ಲಿ ಅದೇ ಮೊದಲು. ಅವರು ಧ್ಯೇಯವಾಕ್ಯವನ್ನು ಯೋಹಾನನ ಸುವಾರ್ತೆಯ 17ನೆಯ ಅಧ್ಯಾಯದಿಂದ, ಶಿಷ್ಯರೆಲ್ಲ ಒಂದಾಗಿರಲೆಂದು ಯೇಸು ಬೇಡಿಕೊಂಡ ಪ್ರಾರ್ಥನೆಯಿಂದ ಆರಿಸಿಕೊಂಡರು.

ಆ ಒಪ್ಪಂದದ ಒಂದು ಅಂಶವನ್ನು ಇಲ್ಲಿ ನಿಂತು ನೋಡಬೇಕು. ಬಿಷಪ್ಪರ ಕೈಯಿಂದ ಅಭಿಷೇಕವಾಗದ ಪಾಲಕರನ್ನು ಆಂಗ್ಲಿಕನರು ಪಾಲಕರೆಂದೇ ಒಪ್ಪುತ್ತಿರಲಿಲ್ಲ. ಮತ್ತೆ ಅಭಿಷೇಕ ಮಾಡಿಸಿಕೊಳ್ಳಿ ಎಂದರೆ ಮೆಥಡಿಸ್ಟರಿಗೆ ಅದು ಅವಮಾನ. ಕೊನೆಗೆ ಆದ ತೀರ್ಮಾನ ಹೀಗೆ: ಈಗಿರುವ ಪಾಲಕರೆಲ್ಲರನ್ನೂ ಇದ್ದ ಹಾಗೆಯೇ ಒಪ್ಪಿಕೊಳ್ಳುವುದು, ಇನ್ನು ಮುಂದಿನ ಅಭಿಷೇಕಗಳನ್ನು ಬಿಷಪ್ಪರೇ ಮಾಡುವುದು, ಉಳಿದದ್ದನ್ನು 30 ವರ್ಷದ ನಂತರ ನೋಡುವುದು. ಜೊತೆಗೆ ಒಂದು ಮಾತು ಕೊಟ್ಟರು: ಯಾವ ಸಭೆಯ ಮೇಲೂ ಅದರ ಮನಸ್ಸಾಕ್ಷಿ ಒಪ್ಪದ ಪಾಲಕರನ್ನು ಹೇರುವುದಿಲ್ಲ. ಒಬ್ಬರ ಅಳುಕನ್ನು ಇನ್ನೊಬ್ಬರು ಮೂವತ್ತು ವರ್ಷ ಸಹಿಸುವುದಾಗಿ ಬರೆದುಕೊಟ್ಟ ಇಂಥ ಕರಾರು ಧರ್ಮದ ಇತಿಹಾಸದಲ್ಲಿ ಅಪರೂಪ. ತತ್ತ್ವದಲ್ಲಿ ಪೂರಾ ಒಪ್ಪಿಗೆಯಾಗಲಿ ಎಂದು ಕಾದಿದ್ದರೆ ಅವರು ಇಂದಿಗೂ ಕಾಯುತ್ತಲೇ ಇರುತ್ತಿದ್ದರು.

ಎಲ್ಲರೂ ಸೇರಲಿಲ್ಲ ಎಂಬುದನ್ನೂ ಹೇಳಬೇಕು. ಅಮೆರಿಕನ್ ಮೆಥಡಿಸ್ಟರು ಹೊರಗೇ ಉಳಿದರು. ಅವರದು ಇಂದು ಮೆಥಡಿಸ್ಟ್ ಚರ್ಚ್ ಇನ್ ಇಂಡಿಯಾ. ಹಾಗಾಗಿ ಕೋಲಾರದಿಂದ ಬಂದ ಮೆಥಡಿಸ್ಟ್ ಕುಟುಂಬವೂ ತುಮಕೂರಿನಿಂದ ಬಂದ ಮೆಥಡಿಸ್ಟ್ ಕುಟುಂಬವೂ ಒಂದೇ ಬೀದಿಯಲ್ಲಿದ್ದು ಎರಡು ಬೇರೆ ಸಭೆಗಳ ಸದಸ್ಯರಾಗಿರುವುದುಂಟು.

ಬೆಂಗಳೂರಿನ ಸಭೆಗಳು 1947ರಲ್ಲಿ ಹೊಸ ಮೈಸೂರು ಸಭಾಪ್ರಾಂತ್ಯಕ್ಕೆ ಸೇರಿದವು. ದಂಡಿನ ಸೇಂಟ್ ಮಾರ್ಕ್ಸ್ ಅದರ ಕೆಥೆಡ್ರಲ್ ಆಯಿತು. 1951ರಿಂದ ಎರಡು ದಶಕ ಅಲ್ಲಿ ಬಿಷಪ್ಪರ ಪೀಠದಲ್ಲಿ ಕೂತವರು ಮೆಥಡಿಸ್ಟ್ ಮಿಷನರಿಯಾಗಿ ಬಂದಿದ್ದ ನಾರ್ಮನ್ ಸಾರ್ಜೆಂಟ್. ಕನ್ನಡ ನಾಡಿನಲ್ಲಿ ಮಿಷನ್ನುಗಳು ಸಭೆಯಾಗಿ ಮಾರ್ಪಟ್ಟ ಕಥೆಯನ್ನು ಅವರು ಮುಂದೆ ಪುಸ್ತಕವಾಗಿ ಬರೆದರು. ಬ್ರಿಟಿಷ್ ಅಧಿಕಾರಿಗಳ ಚರ್ಚಿನಲ್ಲಿ ಕನ್ನಡ ಹಳ್ಳಿಗಳಿಂದ ಬಂದ ಸಭಿಕರು ತಮ್ಮ ಬಿಷಪ್ಪರ ಮುಂದೆ ಮೊಣಕಾಲೂರಿದ್ದು ಆ ಕಾಲಕ್ಕೆ ಸಣ್ಣ ಸಂಗತಿಯಲ್ಲ. 1970ರಲ್ಲಿ ಪ್ರಾಂತ್ಯ ಮೂರಾಯಿತು: ಬೆಂಗಳೂರಿನ ಕೇಂದ್ರ, ಮಂಗಳೂರಿನ ದಕ್ಷಿಣ, ಧಾರವಾಡದ ಉತ್ತರ. ಕೇಂದ್ರ ಸಭಾಪ್ರಾಂತ್ಯ ಪಾಲಕರನ್ನು ಕೆಲವು ವರ್ಷಗಳಿಗೊಮ್ಮೆ ವರ್ಗ ಮಾಡುತ್ತದೆ. ಸದ್ದಿಲ್ಲದೆ ನಡೆದ ಈ ವರ್ಗಾವಣೆಗಳೇ ಹಳೆಯ ಮಿಷನ್ ಗೆರೆಗಳನ್ನು ಅಳಿಸಿದವು. ಹಡ್ಸನ್ನಿನ ಪಾಲಕರು ರೈಸಿಗೆ, ರೈಸಿನವರು ಹೊಸ ಬಡಾವಣೆಯ ಸಭೆಗೆ ಹೋಗುತ್ತ ಬಂದಂತೆ, ಯಾರದು ಯಾವ ಮಿಷನ್ ಎಂದು ಮಕ್ಕಳಿಗೆ ಗೊತ್ತೇ ಇಲ್ಲದಂತಾಯಿತು.

ದಕ್ಷಿಣ ಭಾರತ ಸಭೆ ಲೋಕಕ್ಕೆ ಕೊಟ್ಟ ಒಂದು ಕೊಡುಗೆ ಪಶ್ಚಿಮ ಬೆಂಗಳೂರಿನ ಸಿ.ಎಸ್.ಐ. ಚರ್ಚುಗಳಲ್ಲೂ ಕಾಣಸಿಗುತ್ತದೆ. 1950ರಲ್ಲಿ ರೂಪಿಸಿದ ಕರ್ತನ ಭೋಜನದ ವಿಧಿಯಲ್ಲಿ ಕೇರಳದ ಸಿರಿಯನ್ ಸಂಪ್ರದಾಯದಿಂದ ಎತ್ತಿಕೊಂಡ ಸಮಾಧಾನದ ಕೈಸ್ಪರ್ಶವನ್ನು ಸೇರಿಸಿದರು. ಪಾಲಕರು ತಮ್ಮ ಅಂಗೈಯನ್ನು ಸಹಾಯಕರ ಅಂಗೈಗೆ ಒತ್ತುತ್ತಾರೆ, ಇಬ್ಬರೂ ಎಡಗೈಯಿಂದ ಅದನ್ನು ಮುಚ್ಚುತ್ತಾರೆ; ಅಲ್ಲಿಂದ ಅದು ಬೆಂಚಿನಿಂದ ಬೆಂಚಿಗೆ ಕೊನೆಯ ಸಾಲಿನವರೆಗೆ ಹೋಗುತ್ತದೆ. ನಂತರದ ದಶಕಗಳಲ್ಲಿ ಲೋಕದ ಬೇರೆ ಬೇರೆ ಸಭೆಗಳ ವಿಧಿಗಳಲ್ಲಿ ಸಮಾಧಾನ ಹಂಚುವ ಪದ್ಧತಿ ಮರಳಿ ಬಂದುದರ ಹಿಂದೆ ಈ ವಿಧಿಯ ಪ್ರಭಾವವೂ ಇದೆ. ಅದರ ಜಾಗವೇ ಅರ್ಥಪೂರ್ಣ. ಕಾಣಿಕೆ ಅರ್ಪಿಸುವ ಮೊದಲು ಸಹೋದರನೊಡನೆ ರಾಜಿಯಾಗು ಎಂಬ ಮತ್ತಾಯನ ಸುವಾರ್ತೆಯ ಬೋಧೆಗೆ ತಕ್ಕಂತೆ, ಅದು ಕಾಣಿಕೆಗೆ ಮುಂಚೆ ಬರುತ್ತದೆ. ವಾರವಿಡೀ ಮಾತು ಬಿಟ್ಟ ಇಬ್ಬರು ಒಂದೇ ಬೆಂಚಿನಲ್ಲಿ ಕೂತಿದ್ದರೆ ಆ ಅರೆ ನಿಮಿಷ ಎಷ್ಟು ಉದ್ದವೆಂದು ಸಭೆಯಲ್ಲಿ ಬೆಳೆದ ಎಲ್ಲರಿಗೂ ಗೊತ್ತು.

ಸಭೆಯ ಒಳಗಿನ ಜಗಳ ಸಭೆಯಷ್ಟೇ ಹಳೆಯದು. ಕೊರಿಂಥದವರು ನಾಯಕರ ಹೆಸರಿನಲ್ಲಿ ಪಂಗಡ ಕಟ್ಟಿಕೊಂಡಿದ್ದರು. ಫಿಲಿಪ್ಪಿಯಲ್ಲಿ ಯುವೊದ್ಯ, ಸಂತುಕೆ ಎಂಬ ಇಬ್ಬರು ಹೆಂಗಸರಿಗೆ ಒಂದೇ ಮನಸ್ಸಿನಿಂದಿರಿ ಎಂದು ಪೌಲನು ಹೆಸರು ಹಿಡಿದು ಬರೆಯಬೇಕಾಯಿತು. ಜಗಳ ಬಿಡಿಸುವ ಕ್ರಮವನ್ನೂ ಮತ್ತಾಯನ 18ನೆಯ ಅಧ್ಯಾಯ ಹೇಳುತ್ತದೆ: ಮೊದಲು ಇಬ್ಬರೇ ಕೂತು ಮಾತಾಡುವುದು, ಆಗದಿದ್ದರೆ ಇನ್ನೊಬ್ಬರನ್ನೋ ಇಬ್ಬರನ್ನೋ ಸಾಕ್ಷಿಗೆ ಕರೆದೊಯ್ಯುವುದು, ಅದೂ ಆಗದಿದ್ದರೆ ಸಭೆಗೆ ತಿಳಿಸುವುದು. ಬೆಂಗಳೂರಿನ ಸಭೆಗಳು ಈ ಕ್ರಮದ ಮೊದಲ ಎರಡು ಮೆಟ್ಟಿಲು ಹಾರಿ ಚುನಾವಣೆ, ಆಸ್ತಿ, ಶಾಲೆಯ ಆಡಳಿತಗಳ ವಿಚಾರದಲ್ಲಿ ನೇರವಾಗಿ ನ್ಯಾಯಾಲಯಕ್ಕೆ ಹೋಗುವ ರೂಢಿ ಬೆಳೆಸಿಕೊಂಡಿರುವುದು ದುಃಖದ ಸಂಗತಿ. ಕಾಣಿಕೆಯ ಪೆಟ್ಟಿಗೆಯ ಹಣ ವಕೀಲರ ಫೀಸಾಗುವುದನ್ನು ಯಾವ ವಿಧಿಯೂ ಸಮರ್ಥಿಸಲಾರದು.

ಕಥೋಲಿಕರಲ್ಲಿ ಒಗ್ಗಟ್ಟಿನ ಚೌಕಟ್ಟು ಮೊದಲಿನಿಂದ ಗಟ್ಟಿ. ರೋಮಿನ ಕೆಳಗೆ ಒಂದೇ ಧರ್ಮಸಭೆ; ಬೆಂಗಳೂರು ಧರ್ಮಪ್ರಾಂತ್ಯ ಹುಟ್ಟಿದ್ದು 1940ರಲ್ಲಿ, ಮಹಾಧರ್ಮಪ್ರಾಂತ್ಯವಾದದ್ದು 1953ರಲ್ಲಿ. ಪೂಜೆ ಲ್ಯಾಟಿನ್ನಿನಲ್ಲಿ ನಡೆಯುತ್ತಿದ್ದಷ್ಟು ಕಾಲ ಅದು ಎಲ್ಲರಿಗೂ ಸಮಾನವಾಗಿ ಅರ್ಥವಾಗದ ಭಾಷೆ. ಹಾಗಾಗಿ ಅದರ ಬಗ್ಗೆ ಜಗಳವೂ ಇರಲಿಲ್ಲ. 1963ರ ಡಿಸೆಂಬರಿನಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆ ಜನರ ಭಾಷೆಯಲ್ಲಿ ಪೂಜೆಗೆ ಬಾಗಿಲು ತೆರೆಯಿತು. ಬೆಂಗಳೂರಿನಲ್ಲಿ ಕೂಡಲೇ ಎದ್ದ ಪ್ರಶ್ನೆ: ಯಾವ ಜನರ ಭಾಷೆ? ಮಿಲ್ಲು, ದಂಡು, ರೈಲ್ವೆಗೆಂದು ಬಂದ ತಮಿಳರು ದೊಡ್ಡ ಸಂಖ್ಯೆಯಲ್ಲಿದ್ದರು. ಹಾರೋಬೆಲೆ, ಬೇಗೂರು, ಶಿಲ್ವೆಪುರದಂಥ ಹಳ್ಳಿಗಳಲ್ಲಿ ಕನ್ನಡ ಕಥೋಲಿಕರು ತಲೆಮಾರುಗಳಿಂದ ಬಾಳುತ್ತಿದ್ದರು. ಕೊಂಕಣಿಗರು, ಮಲಯಾಳಿಗಳು, ಆಂಗ್ಲೊ ಇಂಡಿಯನ್ನರೂ ಇದ್ದರು. ತಮ್ಮ ನಾಡಿನ ಚರ್ಚಿನಲ್ಲಿ ತಮ್ಮ ಭಾಷೆಗೆ ಮೊದಲ ಜಾಗವಿಲ್ಲ ಎಂಬ ನೋವು ಕನ್ನಡ ಕಥೋಲಿಕರನ್ನು ಸಂಘಟನೆಗೆ ದೂಡಿತು. ಅಖಿಲ ಕರ್ನಾಟಕ ಕಥೋಲಿಕ ಕ್ರೈಸ್ತರ ಕನ್ನಡ ಸಂಘ ಈ ದನಿಗೆ ವೇದಿಕೆಯಾಯಿತು. ಮಹಾಧರ್ಮಾಧ್ಯಕ್ಷರ ನಿವಾಸದ ಮುಂದೆ ಧರಣಿಗಳಾದವು. ಇತ್ತ ತಲೆಮಾರುಗಳಿಂದ ಇಲ್ಲೇ ಬದುಕಿದ ತಮಿಳು ಕುಟುಂಬಗಳಿಗೆ ತಮ್ಮ ಜಪದ ಭಾಷೆ ಕೈತಪ್ಪುತ್ತದೆಂಬ ಭಯ.

ಎರಡೂ ಕಡೆಯ ನೋವು ನಿಜವಾದದ್ದು. ಆದರೆ ಈ ಕಲಹ ಪಾದ್ರಿಗಳ ನೇಮಕ, ಬಡ್ತಿ, ಸೆಮಿನರಿಗಳ ಪ್ರವೇಶದವರೆಗೆ ಇಳಿಯಿತು. 2013ರ ಏಪ್ರಿಲ್ 1ರ ಬೆಳಿಗ್ಗೆ, ಪುನರುತ್ಥಾನ ಹಬ್ಬದ ಮರುದಿನ, ಮಲ್ಲೇಶ್ವರದ ಸೇಂಟ್ ಪೀಟರ್ಸ್ ಸೆಮಿನರಿಯ ರೆಕ್ಟರ್ ಫಾದರ್ ಕೆ.ಜೆ. ಥಾಮಸ್ ಕೊಲೆಯಾಗಿ ಬಿದ್ದಿದ್ದರು. ಮರುವರ್ಷ ಪೊಲೀಸರು ಬಂಧಿಸಿದವರಲ್ಲಿ ಪಾದ್ರಿಗಳೂ ಇದ್ದರು. ರಾಜಾಜಿನಗರಕ್ಕೆ ಮಲ್ಲೇಶ್ವರ ಮಗ್ಗುಲಲ್ಲೇ ಇದೆ. ಪಶ್ಚಿಮ ಬೆಂಗಳೂರಿನ ಕಥೋಲಿಕರು ಆ ಬೆಳಗನ್ನು ಮರೆತಿಲ್ಲ.

ದಿನದ ಮಟ್ಟದಲ್ಲಿ ಭಾಷೆಯ ಪ್ರಶ್ನೆಗೆ ಈ ಭಾಗದ ಧರ್ಮಕೇಂದ್ರಗಳು ಕಂಡುಕೊಂಡ ಉತ್ತರ ವೇಳಾಪಟ್ಟಿ. ಬಾಗಿಲ ಬಳಿಯ ಫಲಕದಲ್ಲಿ ಭಾನುವಾರದ ಪೂಜೆಗಳ ಹೊತ್ತು ಕನ್ನಡ, ತಮಿಳು, ಇಂಗ್ಲಿಷ್ ಎಂದು ಸಾಲಾಗಿ ಬರೆದಿರುತ್ತದೆ. ಒಂದು ಪೂಜೆ ಮುಗಿಸಿ ಹೊರಬರುವವರು ಮುಂದಿನದಕ್ಕೆ ಒಳಹೋಗುವವರಿಗೆ ಮೆಟ್ಟಿಲ ಮೇಲೆ ಸಿಗುತ್ತಾರೆ. ತೇರು, ಕ್ರಿಸ್‌ಮಸ್, ಗರಿಗಳ ಭಾನುವಾರದ ಮೆರವಣಿಗೆ ಮಾತ್ರ ಎಲ್ಲರಿಗೂ ಒಂದೇ. ಅಂದು ಒಂದು ವಾಚನ ಕನ್ನಡದಲ್ಲಿ, ಒಂದು ತಮಿಳಿನಲ್ಲಿ, ಹಾಡುಗಳು ಬೆರೆತು ಬರುತ್ತವೆ. ಇದನ್ನು ಪೂರ್ಣ ಐಕ್ಯತೆ ಎನ್ನಲಾಗದು. ಒಂದೇ ಚರ್ಚಿನ ಎರಡು ಭಾಷೆಯವರು ಹತ್ತು ವರ್ಷ ಜೊತೆಗಿದ್ದೂ ಒಬ್ಬರ ಹೆಸರು ಇನ್ನೊಬ್ಬರಿಗೆ ಗೊತ್ತಿಲ್ಲದಿರುವುದುಂಟು. ಆದರೂ ಯಾರನ್ನೂ ಹೊರಹಾಕದ ಏರ್ಪಾಡು ಇದು. ಮಕ್ಕಳು ಕನ್ನಡದಲ್ಲಿ ಶಾಲೆ ಕಲಿತು ಮನೆಯಲ್ಲಿ ತಮಿಳು ಮಾತಾಡುವ ತಲೆಮಾರು ಬಂದ 1980ರ ದಶಕದಿಂದ ಎಷ್ಟೋ ಕುಟುಂಬಗಳು ತಾವಾಗಿಯೇ ಕನ್ನಡ ಪೂಜೆಗೆ ದಾಟಿವೆ. ಒತ್ತಾಯದಿಂದ ಆಗದ್ದು ಶಾಲೆಯ ಬೆಂಚಿನಿಂದ ಆಯಿತು.

ವಿಧಿಗಳ ಭೇದವೂ ಇದೆ. ಕೇರಳದಿಂದ ಬಂದ ಸಿರೊ ಮಲಬಾರ್ ಕಥೋಲಿಕರದು ಬೇರೆ ಪೂಜಾವಿಧಿ. 2010ರಲ್ಲಿ ಸ್ಥಾಪನೆಯಾದ ಅವರ ಮಂಡ್ಯ ಧರ್ಮಪ್ರಾಂತ್ಯದ ವ್ಯಾಪ್ತಿಯನ್ನು 2015ರಲ್ಲಿ ಬೆಂಗಳೂರಿಗೂ ಚಾಚಲಾಯಿತು. ಈಗ ಒಂದೇ ನಗರದಲ್ಲಿ ಒಬ್ಬರೇ ಪೋಪರ ಕೆಳಗೆ ಎರಡು ವಿಧಿಗಳ ಬಿಷಪ್ಪರ ಅಧಿಕಾರ ಜೊತೆಜೊತೆಗೆ ನಡೆಯುತ್ತಿದೆ.

ಈ ವಿಧಿಗಳ ಮಾತಿಗೆ ಕೆಂಗೇರಿಯಲ್ಲೊಂದು ಹಳೆಯ ಎಳೆಯಿದೆ. 1955ರಲ್ಲಿ ಇಂಗ್ಲೆಂಡಿನ ಬೆನೆಡಿಕ್ಟೀನ್ ಸನ್ಯಾಸಿ ಬೀಡ್ ಗ್ರಿಫಿತ್ಸ್, ಭಾರತದವರೇ ಆದ ಬೆನೆಡಿಕ್ಟ್ ಅಲಪಾಟ್ಟರ ಜೊತೆ ಬಂದು ಕೆಂಗೇರಿಯಲ್ಲಿ ಮಠ ಕಟ್ಟಲು ಹೊರಟರು. ಅಲ್ಲಿನ ಜೀವನಕ್ರಮ ಈ ನೆಲಕ್ಕೆ ಪರಕೀಯವಾಗಿದೆ ಎಂದು ಅವರಿಗೇ ಅನ್ನಿಸಿತು. 1958ರಲ್ಲಿ ಅವರು ಕೇರಳದ ಕುರಿಶುಮಲೆಗೆ ಹೋಗಿ ಬೆಲ್ಜಿಯಮ್ಮಿನ ಫ್ರಾನ್ಸಿಸ್ ಆಚಾರ್ಯರ ಜೊತೆ ಸಿರಿಯಾಕ್ ವಿಧಿಯ ಆಶ್ರಮ ಕಟ್ಟಿದರು. 1968ರಲ್ಲಿ ಕಾವೇರಿ ದಂಡೆಯ ಶಾಂತಿವನಕ್ಕೆ ನಡೆದರು. ಪೂರ್ವದ ಕ್ರೈಸ್ತ, ಪಶ್ಚಿಮದ ಕ್ರೈಸ್ತ ಮತ್ತು ಭಾರತದ ಸನ್ಯಾಸ ಪರಂಪರೆಗಳನ್ನು ಒಟ್ಟಿಗೆ ತರಲು ಬದುಕನ್ನೇ ಸವೆಸಿದ ಒಬ್ಬರು ಭಾರತದಲ್ಲಿ ಮೊದಲು ನೆಲೆ ಹುಡುಕಿದ್ದು ಕೆಂಗೇರಿಯಲ್ಲಿ ಎಂಬುದು ಆ ಊರಿನವರಿಗೂ ಹೆಚ್ಚಾಗಿ ತಿಳಿಯದು. ಮೈಸೂರು ರಸ್ತೆಯ ಆಶೀರ್ವನಂ ಬೆನೆಡಿಕ್ಟೀನ್ ಮಠ ಆ ಪ್ರದೇಶದಲ್ಲಿ ಸನ್ಯಾಸಜೀವನವನ್ನು ಉಳಿಸಿಕೊಂಡು ಬಂದಿದೆ.

ಪಶ್ಚಿಮ ಬೆಂಗಳೂರಿನಲ್ಲಿ ಅನ್ಯೋನ್ಯತೆಯ ಅತ್ಯಂತ ಗಟ್ಟಿ ಉದಾಹರಣೆ ಯಾವುದು ಎಂದರೆ ಸುಮನಹಳ್ಳಿ. ಮಾಗಡಿ ರಸ್ತೆಯ ಆಚೆ ಕುಷ್ಠರೋಗಿಗಳ ಸರ್ಕಾರಿ ಆಸ್ಪತ್ರೆ, ನಿರಾಶ್ರಿತರ ಕೇಂದ್ರಗಳಿದ್ದ ಪ್ರದೇಶವದು. ಊರಿನವರು ಅತ್ತ ಸುಳಿಯುತ್ತಿರಲಿಲ್ಲ. 1970ರ ದಶಕದ ಕೊನೆಯಲ್ಲಿ ಮುಖ್ಯಮಂತ್ರಿ ದೇವರಾಜ ಅರಸು ಅವರ ಕೋರಿಕೆಯಂತೆ ಮಹಾಧರ್ಮಾಧ್ಯಕ್ಷ ಪಿ. ಆರೋಕಿಯಸ್ವಾಮಿ ಅಲ್ಲಿ ಕುಷ್ಠರೋಗಿಗಳ ಪುನರ್ವಸತಿಯ ಕೆಲಸ ಹೊತ್ತುಕೊಂಡರು. ಬೇರೆ ಬೇರೆ ಧಾರ್ಮಿಕ ಸಂಸ್ಥೆಗಳ ಸಹೋದರ ಸಹೋದರಿಯರು ತಂತಮ್ಮ ಸಂಸ್ಥೆಯ ಫಲಕ ಬದಿಗಿಟ್ಟು ಒಂದೇ ಸೊಸೈಟಿಯ ಕೆಳಗೆ ದುಡಿದರು. ಗುಣವಾದವರಿಗೆ ಚರ್ಮದ ಕೆಲಸ, ಹೊಲಿಗೆ ಕಲಿಸಿದರು, ಮನೆ ಕೊಟ್ಟರು, ಮದುವೆ ಮಾಡಿಸಿದರು. ಮುಂದೆ ಎಚ್‌ಐವಿ ಬಾಧಿತರಿಗೂ ಅಲ್ಲಿ ಆಸರೆ ಸಿಕ್ಕಿತು. ಒಂದು ಗಾಯ ತೊಳೆಯುವಾಗ ತೊಳೆಯುವವರ ಮಾತೃಭಾಷೆ ಯಾವುದೆಂದು ಗಾಯಗೊಂಡವರು ಕೇಳಿದ್ದಿಲ್ಲ.

ಭಾಷೆಯ ಒಡಕಿನಷ್ಟೇ ಗಂಭೀರವಾದ ಇನ್ನೊಂದು ಒಡಕು ಜಾತಿಯದು. ಸ್ನಾನದೀಕ್ಷೆ ಪಡೆದವರಲ್ಲಿ ಜಾತಿ ಇರುವುದಿಲ್ಲ ಎಂದು ಬೋಧಿಸಿದ ಸಭೆಗಳಲ್ಲಿ ಮದುವೆ ಸಂಬಂಧ ಕೂಡಿಸುವ ಹೊತ್ತಿಗೆ, ಸಮಿತಿಯ ಚುನಾವಣೆಯ ಹೊತ್ತಿಗೆ ಅದು ತಲೆಯೆತ್ತುತ್ತದೆ. ಇದನ್ನು ಬಾಯಿಬಿಟ್ಟು ಹೇಳುವ ಧೈರ್ಯವೂ ಬೆಂಗಳೂರಿನಿಂದಲೇ ಬಂತು. 1981ರಲ್ಲಿ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಿ ಅರವಿಂದ ಪಿ. ನಿರ್ಮಲ್ ಮಾಡಿದ ಉಪನ್ಯಾಸವನ್ನು ದಲಿತ ದೈವಶಾಸ್ತ್ರದ ಆರಂಭ ಎಂದು ಗುರುತಿಸುತ್ತಾರೆ. ಸಭೆಯ ಬಹುಪಾಲು ಸದಸ್ಯರ ಅವಮಾನವನ್ನು ಬದಿಗಿಟ್ಟು ಮಾಡುವ ಒಗ್ಗಟ್ಟಿನ ಮಾತು ಪೊಳ್ಳು ಎಂಬುದು ಆ ಚಿಂತನೆಯ ತಿರುಳು. ಅದು ಸರಿಯಾದ ಮಾತು.

ಈ ತಿರುಳೇ ಲೋಕದ ಸಭೆಗಳಿಗೆ ತಲುಪಿದ ಒಂದು ಸಂದರ್ಭವುಂಟು. ಪ್ರತಿವರ್ಷ ಜನವರಿ 18ರಿಂದ 25ರವರೆಗೆ ಕ್ರೈಸ್ತರ ಐಕ್ಯತೆಗಾಗಿ ಪ್ರಾರ್ಥನಾ ವಾರ ನಡೆಯುತ್ತದೆ. 1908ರಲ್ಲಿ ಶುರುವಾದ ಆಚರಣೆ. ಪ್ರತಿಸಲ ಒಂದೊಂದು ದೇಶದವರು ಅದರ ವಿಷಯ ಮತ್ತು ಪ್ರಾರ್ಥನೆಗಳನ್ನು ಸಿದ್ಧಪಡಿಸುತ್ತಾರೆ. 2013ರ ಸರದಿ ಭಾರತದ್ದು. ಹೊತ್ತವರು ಬೆಂಗಳೂರಿನ ಮಿಷನ್ ರಸ್ತೆಯಲ್ಲಿ ಕಚೇರಿಯಿರುವ, ಆಗಷ್ಟೇ ನೂರು ತುಂಬಿದ್ದ ಭಾರತದ ಕ್ರೈಸ್ತ ವಿದ್ಯಾರ್ಥಿ ಚಳವಳಿ. ಕಥೋಲಿಕ ವಿದ್ಯಾರ್ಥಿ ಸಂಘಟನೆಯೂ ಕೈಜೋಡಿಸಿತು. ಅವರು ಪ್ರವಾದಿ ಮೀಕನ ಗ್ರಂಥದ ಆರನೆಯ ಅಧ್ಯಾಯವನ್ನು ಆರಿಸಿ, ದಲಿತರ ಬದುಕನ್ನು ನಡುವೆ ಇಟ್ಟರು. ಹೀಗೆ ಹಡ್ಸನ್ ಚರ್ಚಿನ ನೆರೆಯ ಒಂದು ರಸ್ತೆಯಿಂದ ಹೊರಟ ಪ್ರಾರ್ಥನೆಗಳನ್ನು ಆ ವರ್ಷ ರೋಮಿನಿಂದ ಜಿನೀವಾವರೆಗೆ ಓದಿದರು.

ಹೊರಗಿನ ಒತ್ತಡವೂ ಸಭೆಗಳನ್ನು ಹತ್ತಿರ ತಂದಿದೆ. 2008ರ ಸೆಪ್ಟೆಂಬರಿನಲ್ಲಿ ಮಂಗಳೂರು ಮತ್ತಿತರ ಕಡೆ ಚರ್ಚುಗಳ ಮೇಲೆ ದಾಳಿಗಳಾದಾಗ, 2021ರ ಡಿಸೆಂಬರಿನಲ್ಲಿ ಮತಾಂತರ ವಿರೋಧಿ ಮಸೂದೆ ವಿಧಾನಸಭೆಯಲ್ಲಿ ಅಂಗೀಕಾರವಾದಾಗ ಕಥೋಲಿಕರು, ಸಿ.ಎಸ್.ಐ.ನವರು, ಮೆಥಡಿಸ್ಟರು, ಪೆಂತೆಕೊಸ್ತಿನವರು ಒಂದೇ ವೇದಿಕೆಯಲ್ಲಿ ನಿಂತರು. ಭಯದಿಂದ ಹುಟ್ಟಿದ ಒಗ್ಗಟ್ಟು ಭಯ ಇಳಿದ ಮೇಲೆ ಸಡಿಲವಾಗುತ್ತದೆ. ಆ ಸಭೆಗಳ ಹಿರಿಯರೇ ಇದನ್ನು ಒಪ್ಪುತ್ತಾರೆ. ಯಾವ ಒಕ್ಕೂಟಕ್ಕೂ ಸೇರದ ಸ್ವತಂತ್ರ ಪ್ರಾರ್ಥನಾ ಮಂದಿರಗಳು ಈ ಭಾಗದ ಬೀದಿಬೀದಿಗಳಲ್ಲಿ ಹೆಚ್ಚಿವೆ. ಬೆಳಿಗ್ಗೆ ಸಿ.ಎಸ್.ಐ. ಆರಾಧನೆಗೆ ಹೋಗಿ ಸಂಜೆ ಪೆಂತೆಕೊಸ್ತು ಕೂಟದಲ್ಲಿ ಹಾಡುವ ಕುಟುಂಬಗಳಿವೆ. ಪಾಲಕರು ಇದನ್ನು ಸದಸ್ಯರ ಚಂಚಲತೆ ಎಂದು ಬೇಸರಿಸುತ್ತಾರೆ. ಗೆರೆಗಳನ್ನು ಜನ ತಾವೇ ದಾಟುತ್ತಿದ್ದಾರೆ ಎಂದೂ ಅದನ್ನು ಓದಬಹುದು.

ಹೊಸ ಬಡಾವಣೆಗಳ ಸಭೆಗಳು ಸಾಮಾನ್ಯವಾಗಿ ಹುಟ್ಟಿದ್ದು ಮನೆಗಳಲ್ಲಿ. ಪೇಟೆಯ ಚರ್ಚಿಗೆ ಎರಡು ಬಸ್ಸು ಬದಲಿಸಿ ಹೋಗಲಾಗದ ಮುದುಕರಿಗಾಗಿ, ಕೈಗೂಸಿನ ತಾಯಂದಿರಿಗಾಗಿ ಯಾರದೋ ವರಾಂಡದಲ್ಲಿ ಬುಧವಾರದ ಪ್ರಾರ್ಥನೆ ಶುರುವಾಗುತ್ತಿತ್ತು. ಚಾಪೆ ಒಬ್ಬರದು, ಹಾರ್ಮೋನಿಯಂ ಒಬ್ಬರದು, ಕಾಫಿ ಮನೆಯವರದು. ಸುಗ್ಗಿ ಹಬ್ಬದಲ್ಲಿ ಮನೆಯಿಂದ ತಂದ ತೆಂಗಿನಕಾಯಿ, ಕುಂಬಳಕಾಯಿ, ಕೋಳಿ, ಕೇಕುಗಳನ್ನು ಹರಾಜು ಹಾಕಿ ಕಟ್ಟಡದ ನಿಧಿಗೆ ಸೇರಿಸುತ್ತಿದ್ದರು. ಹರಾಜಿನಲ್ಲಿ ಒಂದು ನಿಂಬೆಹಣ್ಣಿಗೆ ಮಾರುಕಟ್ಟೆಯ ಎಷ್ಟೋ ಪಟ್ಟು ಬೆಲೆ ಕೂಗಿ ಕೊಂಡವರು ಅದನ್ನು ಮತ್ತೆ ಹರಾಜಿಗೇ ಕೊಡುವುದು ಇಂದಿಗೂ ನಡೆಯುತ್ತದೆ. 2021ರ ಆಗಸ್ಟಿನಲ್ಲಿ ಮೆಟ್ರೊ ಕೆಂಗೇರಿ ತಲುಪಿದ ಮೇಲೆ ಪೇಟೆಯ ಹಳೆಯ ಚರ್ಚುಗಳು ಮತ್ತೆ ಹತ್ತಿರವಾಗಿವೆ. ಆದರೂ ವರಾಂಡದಿಂದ ಬೆಳೆದ ಸಭೆಗಳನ್ನು ಅವುಗಳ ಸದಸ್ಯರು ಬಿಟ್ಟುಹೋಗಿಲ್ಲ.

ಮಿಷನ್ನುಗಳ ಕಾಲದ ಕಾಗದಪತ್ರಗಳು ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನ ಪತ್ರಾಗಾರದಲ್ಲಿ ಭದ್ರವಾಗಿವೆ. 1950ರಿಂದ 1980ರ ನಡುವೆ ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಕೆಂಗೇರಿಗಳಲ್ಲಿ ಈ ಸಭೆಗಳನ್ನು ಕಟ್ಟಿದವರ ಕಥೆ ಮಾತ್ರ ಹೆಚ್ಚಿನಂಶ ಬಾಯಿಮಾತಿನಲ್ಲಿದೆ. ಆ ತಲೆಮಾರಿನವರಿಗೆ ಈಗ ಎಂಬತ್ತು ದಾಟಿದೆ. ಮನೆಯ ಟ್ರಂಕಿನಲ್ಲಿ ಹಳೆಯ ಸಭಾ ಸಮಿತಿಯ ನಡಾವಳಿ ಪುಸ್ತಕ, ಸುಗ್ಗಿ ಹಬ್ಬದ ಲೆಕ್ಕ, ಶಂಕುಸ್ಥಾಪನೆಯ ಫೋಟೊ ಇಟ್ಟುಕೊಂಡಿರುವವರು ಅವನ್ನು ತಮ್ಮ ಸಭೆಯ ಕಚೇರಿಗೋ ಕಾಲೇಜಿನ ಪತ್ರಾಗಾರಕ್ಕೋ ಒಪ್ಪಿಸಲಿ. ಹಿರಿಯರಿರುವ ಮನೆಯವರು ಈ ಭಾನುವಾರದ ಆರಾಧನೆ ಮುಗಿಸಿ ಬಂದ ಮೇಲೆ ಅವರ ಪಕ್ಕ ಕೂತು, ಮೊದಲ ಪ್ರಾರ್ಥನೆ ಯಾರ ವರಾಂಡದಲ್ಲಿ ನಡೆಯಿತು, ಅಂದು ಯಾವ ಯಾವ ಭಾಷೆಯವರು ಬಂದಿದ್ದರು ಎಂದು ಕೇಳಿ ಬರೆದಿಟ್ಟುಕೊಳ್ಳಲಿ.